ಹಾಜರಿ ಕೂಗಿನ ಹಾಡು

ಮೊನ್ನೆ ಹಗರಿಬೊಮ್ಮನಹಳ್ಳಿಯ ಪ್ರಿಂಟಿಂಗ್ ಪ್ರೆಸ್ಸೊಂದರಲ್ಲಿ ನಾಟಕದ ಹ್ಯಾಂಡ್‌ಬಿಲ್ಲಿನ ಪ್ರೂಫಿಗಾಗಿ ಕಾಯುತ್ತ ಕೂತಿದ್ದೆ. ಮಗಳ ಮದುವೆ ಕಾರ್ಡು ಆರಿಸಲು ಬಂದಿದ್ದ ಹೆಂಗಸೊಬ್ಬಳ ಮೊಬೈಲು ಹಾಡತೊಡಗಿತು. ಅವಳ ಎರಡೂ ಕೈಯಲ್ಲಿ ಕಾರ್ಡುಗಳಿದ್ದವು, ಎತ್ತುವುದು ತಡವಾಯಿತು. ಅಷ್ಟರಲ್ಲಿ ಕಂಪ್ಯೂಟರಿನ ಮುಂದೆ ಕೂತವನು ತಲೆಯಾಡಿಸಿದ, ಕಾರ್ಡು ತೋರಿಸುತ್ತಿದ್ದ ಹುಡುಗಿ ಸಣ್ಣಗೆ ಗುನುಗಿದಳು. ನಿಮಗೂ ಆ ಹಾಡು ಗೊತ್ತಿದ್ದೀತು. ಒಂದು ಕಾಲಕ್ಕೆ ಸಂಜೆಯಾದರೆ ಎಲ್ಲರ ಮನೆಯ ಟಿ.ವಿ.ಯಿಂದ ಬರುತ್ತಿದ್ದ ಧಾರಾವಾಹಿಯದು. ತಾಯಿಯೊಬ್ಬಳು ಹೊಸ್ತಿಲಲ್ಲಿ ನಿಂತು ಮನೆಮಂದಿಯನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆಯುತ್ತಾಳೆ. ಧಾರಾವಾಹಿಯ ಕತೆಯನ್ನು ಜನ ಮರೆತಿದ್ದಾರೆ, ಹಾಡನ್ನು ಮರೆತಿಲ್ಲ.

ಆ ಹಾಡು ಹುಟ್ಟಿದ್ದು ನನ್ನ ಕೆಟ್ಟ ಕಂಠದಿಂದ ಎಂದರೆ ನೀವು ನಗುತ್ತೀರಿ. ನಗಿ, ಬೇಸರವಿಲ್ಲ. ನಮ್ಮ ಮನೆಯಲ್ಲಿ ಇಪ್ಪತ್ತೈದು ವರ್ಷ ನಕ್ಕಿದ್ದಾರೆ.

ಆಗ ನನಗೆ ಇಪ್ಪತ್ತಮೂರು. ಹಡಗಲಿಯ ಹೆಣ್ಣುಮಕ್ಕಳ ಶಾಲೆಗೆ ವಿಜ್ಞಾನದ ಟೀಚರಾಗಿ ಹೊಸದಾಗಿ ಸೇರಿದ್ದೆ. ಆ ವರ್ಷದ ಗ್ಯಾದರಿಂಗಿಗೆ, ಅಂದರೆ ಶಾಲೆಯ ವಾರ್ಷಿಕೋತ್ಸವಕ್ಕೆ, ಟೀಚರುಗಳೇ ಒಂದು ನಾಟಕ ಆಡುವುದೆಂದಾಗಿತ್ತು. ಪರದೆಯ ಹಿಂದೆ ನಿಂತು ಮಾತು ಎತ್ತಿಕೊಡುವುದು ನನ್ನ ಕೆಲಸ. ಹತ್ತು ದಿನ ಇರುವಾಗ, ತಾಯಿಯ ಪಾತ್ರ ಮಾಡುತ್ತಿದ್ದ ಕನ್ನಡ ಟೀಚರಿಗೆ ಕಾಮಾಲೆಯಾಯಿತು. ಮಾತೆಲ್ಲ ಬಾಯಿಪಾಠವಿದ್ದದ್ದು ನನಗೊಬ್ಬಳಿಗೇ ಆದ್ದರಿಂದ ಹೆಡ್‌ಮಿಸ್ಟ್ರೆಸ್ಸರ ಕಣ್ಣು ನನ್ನ ಮೇಲೆ ಬಿತ್ತು. ಹಾಡು ಬರುವುದಿಲ್ಲ ಎಂದೆ. ಬಂದೀತು ಎಂದರು. ಅವರು ನನ್ನ ದನಿ ಕೇಳಿರಲಿಲ್ಲ. ಮನೆಯಲ್ಲಿ ನಾನು ಆರತಿ ಹಾಡು ಎತ್ತಿದರೆ ನಮ್ಮವ್ವ, ದೇವರಿಗೆ ಕೇಳಿಸಿತು, ಸಾಕು ಬಿಡು ಎನ್ನುತ್ತಿದ್ದಳು.

ನಾಟಕಕ್ಕೆ ಸಂಗೀತ ಕೂಡಿಸಲು ಕೊಟ್ಟೂರಿನಿಂದ ಕೊಟ್ರಪ್ಪ ಮಾಸ್ತರರು ಬರುತ್ತಿದ್ದರು. ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ ಎನ್ನುವುದರಿಂದ ಜನ ಅವರನ್ನು ಪೇಟಿ ಮಾಸ್ತರ ಎಂದೇ ಕರೆಯುತ್ತಿದ್ದರು. ಅಣ್ಣಂದಿರು ಕಿರಾಣಿ ಅಂಗಡಿಯಲ್ಲಿ ಕೂತರೆ ಇವರೊಬ್ಬರು ಪೇಟಿ ಹಿಡಿದು ಕೂಡ್ಲಿಗಿ, ಹರಪನಹಳ್ಳಿ ಸುತ್ತಿನ ಹಳ್ಳಿಯ ನಾಟಕಗಳಿಗೆ ಹಾಡು ಕಟ್ಟುತ್ತ ತಿರುಗಿದವರು. ಆಗಿನ್ನೂ ಮೂವತ್ತರ ಆಜುಬಾಜು. ಬಸ್ಸಿನಲ್ಲಿ ಪೇಟಿಯನ್ನು ಎಂದೂ ಮೇಲಕ್ಕೆ ಹಾಕದೆ, ಹಸುಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದರು.

ಮೊದಲ ದಿನ ನಾನು ಹಾಡಿದಾಗ ಉಳಿದ ಟೀಚರುಗಳು ಸೆರಗು ಕಚ್ಚಿಕೊಂಡರು. ಮಾಸ್ತರರು ನಗಲಿಲ್ಲ. ಪೇಟಿಯ ಒಂದೊಂದು ಸ್ವರದ ಮನೆಯನ್ನೂ ಒತ್ತಿ, ಅದಕ್ಕೆ ನನ್ನ ದನಿ ಮುಟ್ಟುತ್ತದೋ ಇಲ್ಲವೋ ನೋಡಿದರು. ಡಾಕ್ಟರು ಹೊಟ್ಟೆ ಒತ್ತಿ ನೋಡಿದ ಹಾಗಿತ್ತು. ಕೊನೆಗೆ ಹೇಳಿದರು:

"ಟೀಚರ್, ನಿಮ್ಮ ದನಿಯೊಳಗ ಐದು ಸ್ವರ ಅದಾವ. ಐದು ಅಂದ್ರ ಕಡಿಮಿ ಅಲ್ರಿ. ಹಾಡು ಬ್ಯಾರೆ ಮಾಡ್ತೀನಿ ಬಿಡ್ರಿ."

ಮರುದಿನ ಅವರು ಬೆಳಗಿನ ಬಸ್ಸಿಗೇ ಬಂದರು. ನಾನು ಎಂಟನೆಯ ತರಗತಿಯ ಹಾಜರಿ ಕೂಗುತ್ತಿದ್ದೆ. ಕೊಟ್ರವ್ವ, ಹುಲಿಗೆಮ್ಮ, ಫಾತಿಮಾ, ನಾಗರತ್ನ ಎಂದು ಕೂಗುತ್ತ ಹೋಗುವಾಗ ವರಾಂಡದ ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ನಿಂತ ಮಾಸ್ತರರು ಕಂಡರು. ನಿದ್ದೆ ಬಂದಿದೆಯೇನೋ ಅಂದುಕೊಂಡೆ. ಬಾರದ ಹುಡುಗಿಯ ಹೆಸರನ್ನು ಎರಡು ಸಲ ಕೂಗುವ ರೂಢಿ ನನಗಿತ್ತು. ಎರಡನೆಯ ಸಲ ನನ್ನ ದನಿ ತಾನಾಗಿ ಇಳಿಯುತ್ತದೆ ಎಂಬುದು ನನಗೇ ತಿಳಿದಿರಲಿಲ್ಲ. ಅದನ್ನು ಕೇಳಿಸಿಕೊಂಡವರು ಅವರು. ಮಧ್ಯಾಹ್ನಕ್ಕೆ ಹಾಡು ಸಿದ್ಧವಾಗಿತ್ತು. ನಾಟಕದ ತಾಯಿ ಮಕ್ಕಳನ್ನು ಕರೆಯುತ್ತಾಳೆ; ಮನೆ ಬಿಟ್ಟು ಹೋದ ಒಬ್ಬಳನ್ನು ಮಾತ್ರ ಎರಡು ಸಲ ಕರೆಯುತ್ತಾಳೆ, ಎರಡನೆಯದು ಕೆಳಗಿನ ಸ್ವರದಲ್ಲಿ. ಹಾಡುತ್ತಿದ್ದೇನೆ ಎಂದು ನನಗೆ ಅನ್ನಿಸಲೇ ಇಲ್ಲ. ಹಾಜರಿ ಕೂಗಿದಂತೆ ಕೂಗಿದೆ.

ಗ್ಯಾದರಿಂಗಿನ ಸಂಜೆ ಆ ಎರಡನೆಯ ಕರೆ ಮುಗಿದಾಗ, ಮುಂದಿನ ಸಾಲಿನಲ್ಲಿ ಕೂತಿದ್ದ ಯಾರದೋ ಅಜ್ಜಿ, "ಬಂದೆನವ್ವಾ" ಎಂದುಬಿಟ್ಟಿತು. ಅಷ್ಟು ಜನರಲ್ಲಿ ಒಬ್ಬರೂ ನಗಲಿಲ್ಲ. ಪೇಟಿಯ ಮೇಲಿದ್ದ ಮಾಸ್ತರರ ಕೈ ಒಂದು ಗಳಿಗೆ ನಿಂತು ಮತ್ತೆ ಮುಂದುವರಿಯಿತು.

ಆಮೇಲೆ ಅವರು ಒಂದು ನಾಟಕ ಕಂಪನಿ ಸೇರಿದರೆಂದು ಕೇಳಿದೆ. ಕಂಪನಿಯ ನಟನೊಬ್ಬ ಸಿನಿಮಾಕ್ಕೆ ಹೋಗುವಾಗ ಇವರನ್ನೂ ಬೆಂಗಳೂರಿಗೆ ಕರೆದುಕೊಂಡು ಹೋದನಂತೆ. ಅಲ್ಲಿ ಬಹಳ ವರ್ಷ ಇನ್ನೊಬ್ಬರ ಕೈಕೆಳಗೆ, ಇನ್ನೊಬ್ಬರ ಹೆಸರಿನಲ್ಲಿ ಬರುವ ಹಾಡುಗಳಿಗೆ ಪೇಟಿ ಬಾರಿಸಿದರು. ನನಗೆ ಮದುವೆಯಾಯಿತು, ಹಗರಿಬೊಮ್ಮನಹಳ್ಳಿಗೆ ಬಂದೆ, ಎರಡು ಮಕ್ಕಳಾದವು. ಒಂದು ಸಂಜೆ ರೊಟ್ಟಿ ತಟ್ಟುತ್ತಿದ್ದೇನೆ, ಪಡಸಾಲೆಯ ಟಿ.ವಿ.ಯಿಂದ ನನ್ನ ಹಾಜರಿ ಕೇಳಿಸಿತು! ಮಾತು ಬೇರೆ, ಹಾಡಿದವಳ ಕಂಠ ಜೇನು. ಆದರೆ ಆ ಎರಡನೆಯ ಕರೆ, ಆ ಇಳಿಯುವಿಕೆ ನನ್ನದೇ. ಹಿಟ್ಟಿನ ಕೈಯಲ್ಲೇ ಓಡಿದೆ. ಸಂಗೀತ ಎಂಬಲ್ಲಿ ಕೊಟ್ರಪ್ಪ ಎಂದು ಬಂದು ಹೋಯಿತು. ಇದು ನನ್ನ ಹಾಡು ಎಂದು ಅತ್ತೆಗೆ ಹೇಳಿದೆ.

"ನಿಂದಾದ್ರ ನೀ ಯಾಕ ಒಲಿ ಮುಂದ ಅದೀಯವ್ವ?" ಎಂದರು ಅತ್ತೆ. ಆವತ್ತಿನಿಂದ ನಾನು ಮನೆಯ ಗಾಯಕಿಯಾದೆ. ನಮ್ಮವರು ಬಂದ ಬೀಗರಿಗೆಲ್ಲ ಈ ಕತೆ ಹೇಳಿ ನಗಿಸುತ್ತಿದ್ದರು. ನಾನೂ ನಗುತ್ತಿದ್ದೆ. ಒಳಗೆ ಮಾತ್ರ ಒಂದು ಸಿಟ್ಟು ಕೂತಿತ್ತು. ತೆಗೆದುಕೊಳ್ಳಲಿ, ಆದರೆ ಒಂದು ಮಾತು ಹೇಳಬಾರದಿತ್ತೆ? ವಿಳಾಸ ಹುಡುಕಿ ನಾಲ್ಕು ಪುಟದ ಪತ್ರ ಬರೆದೆ. ಉತ್ತರ ಬರಲಿಲ್ಲ.

ಆ ಹಾಡಿನಿಂದ ಅವರಿಗೆ ಇನ್ನಷ್ಟು ಧಾರಾವಾಹಿಗಳು, ಮೂರು ಸಿನಿಮಾಗಳು ಸಿಕ್ಕವು. ಸಿನಿಮಾದಲ್ಲಿ ಅವರು ಮಾಡಿದ ಹಾಡುಗಳನ್ನು ಬೇಕೆಂದೇ ತಪ್ಪು ಹುಡುಕಲು ಕೇಳಿದ್ದೇನೆ. ಪಾಂಡಿತ್ಯ ಬೇಕಾದಷ್ಟಿತ್ತು, ಆದರೆ ಯಾವುದೂ ನಾಲಿಗೆಯ ಮೇಲೆ ನಿಲ್ಲಲಿಲ್ಲ. ಕಾಲ ಬದಲಾಯಿತು, ಪೇಟಿ ಕೇಳುವವರು ಇಲ್ಲವಾದರು. ಮಾಸ್ತರರು ಊರಿಗೆ ಮರಳಿದ್ದಾರೆ, ಲಕ್ವ ಹೊಡೆದು ಬಲಗೈ ಹೋಗಿದೆ ಎಂದು ನಾನು ನಿವೃತ್ತಳಾದ ವರ್ಷ ಯಾರೋ ಹೇಳಿದರು.

ಕೊಟ್ಟೂರಿಗೆ ನೆಂಟರ ಗೃಹಪ್ರವೇಶಕ್ಕೆ ಹೋದವಳು ಊಟ ಮುಗಿಸಿ ಅವರ ಮನೆ ಕೇಳಿಕೊಂಡು ಹೋದೆ. ಜಗಳ ಮಾಡಲೆಂದೇ ಹೋದೆ, ಸುಳ್ಳೇಕೆ. ಬಾಗಿಲ ಹೊರಗೇ ಪೇಟಿ ಕೇಳಿಸಿತು. ಬಲಗೈ ಇಲ್ಲದೆ ಹೇಗೆ ಎಂದು ಇಣುಕಿದರೆ, ಮಾಸ್ತರರು ಎಡಗೈಯಲ್ಲಿ ಸ್ವರ ಒತ್ತುತ್ತಿದ್ದಾರೆ, ಎದುರು ಕೂತ ಹೆಂಡತಿ ಗಿರಿಜಮ್ಮ ಪೇಟಿಯ ತಿದಿ ಒತ್ತಿ ಗಾಳಿ ಹಾಕುತ್ತಿದ್ದಾರೆ. ನನ್ನನ್ನು ನೋಡಿ ಗಿರಿಜಮ್ಮ, ಮದುವೆಯಾದಾಗಿನಿಂದ ಇದೇ ಕೆಲಸ ಎಂದು ನಕ್ಕು ಮಂಡಕ್ಕಿ ಒಗ್ಗರಣೆ ಮಾಡಲು ಎದ್ದರು.

ಹೆಸರು ಹೇಳಿದ ಕೂಡಲೇ ಮಾಸ್ತರರು ತಲೆ ತಗ್ಗಿಸಿದರು. ನಾನು ಕೇಳುವ ಮೊದಲೇ ಅವರೇ ಶುರು ಮಾಡಿದರು.

"ಪತ್ರ ಬಂದಿತ್ತು ಟೀಚರ್. ಆ ಸೀರಿಯಲ್‌ನವರಿಗೆ ನಾಕು ಟ್ಯೂನ್ ಮಾಡಿ ಕೊಟ್ಟಿದ್ದೆ, ನಾಕೂ ಬ್ಯಾಡ ಅಂದಿದ್ರು. ಹಾಡಾಕ ಬಾರದವರೂ ಹಾಡುವಂಥಾದ್ದು ಬೇಕು ಅಂದ್ರು. ನನಗ ನೀವು ನೆನಪಾದ್ರಿ."

"ಅದನ್ನ ಬರೀಬೋದಿತ್ತಲ್ರಿ."

"ಬರೀಬೋದಿತ್ತು. ಆದ್ರ ಹುಟ್ಟಿದಾಗಿಂದ ಜನ ನನ್ನ ಹೊಗಳಿದ್ದು ಅದೊಂದ ಹಾಡಿಗೆ. ಅದರಾಗ ಪಾಲು ಕೊಡಾಕ ಮನಸು ಬರ್ಲಿಲ್ಲ. ಉಳಿದದ್ದೆಲ್ಲ ನನಗ ಸಂಗೀತ ಬರ್ತೈತಿ ಅಂತ ತೋರ್ಸಾಕ ಮಾಡಿದ್ದು. ಅದೊಂದ ನಾನು ಕಿವಿಗೊಟ್ಟು ಕೇಳಿ ಮಾಡಿದ್ದು."

ಇಷ್ಟು ನೇರವಾಗಿ ತಪ್ಪು ಒಪ್ಪಿಕೊಂಡವರ ಜೊತೆ ಜಗಳ ಮಾಡುವುದು ಹೇಗೆ? ಹೊತ್ತು ತಂದ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯದೆ ಮಂಡಕ್ಕಿ ತಿಂದೆ. ಮೆಣಸಿನಕಾಯಿ ಖಾರವಿತ್ತು, ಕಣ್ಣಲ್ಲಿ ನೀರು ಬಂದದ್ದಕ್ಕೆ ಅದೇ ಕಾರಣ ಎಂದು ಗಿರಿಜಮ್ಮನಿಗೆ ಹೇಳಿದೆ. ಆಮೇಲೆ ತಿಂಗಳಿಗೊಮ್ಮೆಯಾದರೂ ಕೊಟ್ಟೂರಿಗೆ ಹೋಗಿಬರುವುದು ಅಭ್ಯಾಸವಾಯಿತು.

ಈ ವರ್ಷ ತಂಬ್ರಹಳ್ಳಿಯ ಹೆಂಗಸರು ಕೂಡಿ ಒಂದು ನಾಟಕ ಆಡುತ್ತೇವೆಂದು ಮಾಸ್ತರರನ್ನು ಹಾಡು ಕಟ್ಟಿಕೊಡಿ ಎಂದು ಕೇಳಿದರು. ಬಸ್ಸು ಹತ್ತುವ ಶಕ್ತಿ ಅವರಿಗಿಲ್ಲ. ನೀವು ಹೋಗಿ, ಹಾಡಿಸಬೇಡಿ, ಅವರು ಮಾತಾಡುವುದನ್ನು ಕೇಳಿಕೊಂಡು ಬನ್ನಿ ಎಂದರು. ಅರವತ್ತು ದಾಟಿದ ನಾನು ಮೊಬೈಲು ಹಿಡಿದು ಹೋದೆ. ಮುಖ್ಯ ಪಾತ್ರದ ಮೈಲವ್ವ ಕುರಿ ಸಾಕುವ ಮನೆಯವಳು. ಹಾಡು ಅಂದರೆ ಎದ್ದು ಹೋಗುತ್ತಿದ್ದಳು. ಅವಳ ಜೊತೆ ಒಂದು ಮಧ್ಯಾಹ್ನವಿಡೀ ಕುರಿಗಳ ಹಿಂದೆ ಅಲೆದೆ. ದೂರ ಹೋದ ಕುರಿಯನ್ನು ಅವಳು ಕರೆಯುವುದನ್ನು ರೆಕಾರ್ಡ್ ಮಾಡಿದೆ. ಮೊದಲ ಸಲ ರೆಕಾರ್ಡ್ ಆಗಲಿಲ್ಲ, ನಾನು ಒತ್ತಿದ್ದು ಟಾರ್ಚು.

ಮಾಸ್ತರರು ಅದನ್ನು ಒಂದು ದಿನವೆಲ್ಲ ಕೇಳಿದರು. ಗಿರಿಜಮ್ಮ ಗಾಳಿ ಹಾಕಿದರು, ಎಡಗೈ ತಡವರಿಸುತ್ತ ದಾರಿ ಹುಡುಕಿಕೊಂಡಿತು. ಹಾಡನ್ನು ಮೊಬೈಲಿನಲ್ಲಿ ತಂದು ಮೈಲವ್ವನಿಗೆ ಕೇಳಿಸಿದೆ. ಅವಳು ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದಳು.

"ಇದು ನಾ ಕುರಿ ಕರಿಯೋದಲ್ಲೇನ್ರಿ?"

ಹೌದು ಎಂದೆ.

"ಹಂಗಾದ್ರ ನಾ ಹಾಡ್ತೀನಿ."

ಇದನ್ನು ಫೋನಿನಲ್ಲಿ ಹೇಳಿದಾಗ ಮಾಸ್ತರರು, ಹ್ಯಾಂಡ್‌ಬಿಲ್ಲಿನ ಸಂಗೀತದ ಸಾಲಿನಲ್ಲಿ ತಮ್ಮ ಹೆಸರಿನ ಜೊತೆ ಮೈಲವ್ವನದನ್ನೂ ಹಾಕಿಸಿ ಎಂದರು. ನನಗೆ ಒಂದು ಗಳಿಗೆ ಹೊಟ್ಟೆಕಿಚ್ಚಾಯಿತು. ನಲವತ್ತು ವರ್ಷ ಮೊದಲು ಕೂಗಿದವಳು ನಾನು. ಆದರೆ ಫೋನಿನಲ್ಲಿ ಅವರ ಉಸಿರು ಭಾರವಾಗಿ ಕೇಳುತ್ತಿತ್ತು. ಯಾರಿಗೆ ಕೊಡಬೇಕಾದ್ದನ್ನು ಯಾರಿಗೆ ಕೊಡುತ್ತಿದ್ದಾರೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆಗಲಿ ಎಂದೆ.

ಪ್ರೆಸ್ಸಿನವನು ಪ್ರೂಫ್ ತಂದು ಕೈಗಿಟ್ಟ. ಮಾಸ್ತರರ ಹೆಸರನ್ನು ದಪ್ಪಕ್ಷರದಲ್ಲಿ, ಮೈಲವ್ವನದನ್ನು ಅದರ ಕೆಳಗೆ ಸಣ್ಣಕ್ಷರದಲ್ಲಿ ಹಾಕಿದ್ದ.

"ಟೀಚರ್, ಸಂಗೀತದಾಗ ಈಕಿ ಹೆಸರು ಬಂದೈತಿ. ಪಾತ್ರದಾಗೂ ಅದಾಳ. ತಪ್ಪಾಗೈತೇನ್ರಿ?"

"ತಪ್ಪಾಗೈತಿ," ಎಂದೆ. "ಎರಡೂ ಹೆಸರು ಒಂದ ಅಳತಿ ಆಗ್ಬೇಕು."

ಅವನು ಕಂಪ್ಯೂಟರಿನ ಮುಂದೆ ಕೂತ. ಮೈಲವ್ವನ ಹೆಸರು ದಪ್ಪಗಾಗುವವರೆಗೆ ನಾನು ಅವನ ಹಿಂದೆಯೇ ನಿಂತಿದ್ದೆ.