ಗಂಟಿ ಕುರಿಯ ಜಾಗ

ಭಾನುವಾರ ಬೆಟಗೇರಿಯಿಂದ ಮುಂಡರಗಿ ಕಡೆಗೆ ಹೊರಡುವ ಮೊದಲ ಬಸ್ಸಿನಲ್ಲಿ ನನ್ನ ಸೀಟು ಖಾಯಂ. ಕೈಚೀಲದಲ್ಲಿ ಸ್ಪ್ಯಾನರು, ಒಂದು ಹೊಸ ಪ್ಲಗ್ಗು, ಒರೆಸುವ ಬಟ್ಟೆ, ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಸೈನ್ಯದಲ್ಲಿ ನಾನು ಹೊಳೆಗಳಿಗೆ ತಾತ್ಕಾಲಿಕ ಸೇತುವೆ ಹಾಕುವ ತುಕಡಿಯಲ್ಲಿದ್ದೆ. ದೋಣಿಯ ಹಿಂದೆ ತೂಗುಹಾಕುವ ಮೋಟಾರುಗಳು ನನ್ನ ಪಾಲಿಗಿದ್ದವು. ನಿವೃತ್ತನಾಗಿ ಊರಿಗೆ ಬಂದ ಮೇಲೆ ಆ ವಿದ್ಯೆ ಯಾರಿಗೂ ಬೇಡವಾಗುತ್ತದೆ ಎಂದುಕೊಂಡಿದ್ದೆ. ಆದರೆ ಮುಂಡರಗಿಯಲ್ಲಿ ಮೀನಿನ ವ್ಯಾಪಾರ ಮಾಡುವ ನನ್ನ ಹಳೆಯ ಗೆಳೆಯ, ಬ್ಯಾರೇಜಿನ ಹಿನ್ನೀರಿನಲ್ಲಿ ಬಲೆ ಹಾಕಲು ಒಂದು ಫೈಬರ್ ದೋಣಿ ತಂದ. ನಾನು ಅವನನ್ನು ಭಾಯಿ ಅನ್ನುತ್ತೇನೆ, ಅವನು ನನ್ನನ್ನು ಸುಬೇದಾರ್ರ ಅನ್ನುತ್ತಾನೆ. ವಾರಕ್ಕೊಮ್ಮೆ ಮೋಟಾರು ಬಿಚ್ಚಿ ಒರೆಸಿ, ಒಂದು ಸುತ್ತು ಓಡಿಸಿ ನೋಡುವುದು ನನ್ನ ಕೆಲಸವಾಯಿತು.

ದೋಣಿ ಕುಡಿಯುವ ಪೆಟ್ರೋಲಿನ ಬಗ್ಗೆ ಭಾಯಿಗೆ ಮೊದಮೊದಲು ನಂಬಿಕೆ ಬರಲಿಲ್ಲ. ಅದೇ ಮೋಟಾರು, ಅದೇ ದೂರ, ಒಂದು ದಿನ ಅರ್ಧ ಟ್ಯಾಂಕು ಉಳಿಯುತ್ತದೆ, ಇನ್ನೊಂದು ದಿನ ತಳ ಕಾಣುತ್ತದೆ; ಪಂಪಿನವರೇ ಮೋಸ ಮಾಡುತ್ತಾರೆಂದು ಅವನ ವಾದ. ಭಾರ ಎಷ್ಟಿದೆ ಎನ್ನುವುದರ ಜೊತೆಗೆ, ಎಲ್ಲಿದೆ ಎನ್ನುವುದನ್ನೂ ನೋಡಬೇಕು ಎಂದು ನಾನು ಹೇಳುತ್ತಿದ್ದೆ. ಭಾರವೆಲ್ಲ ಮುಂದಕ್ಕೆ ಬಿದ್ದರೆ ದೋಣಿ ಮೂತಿ ತಗ್ಗಿಸಿ ನೇಗಿಲಿನಂತೆ ನೀರು ಉಳುತ್ತದೆ. ಎಲ್ಲ ಹಿಂದಕ್ಕೆ ಬಿದ್ದರೆ ಮೂತಿ ಆಕಾಶ ನೋಡುತ್ತದೆ, ಹಿಂಭಾಗ ಕುಸಿದು ಕುಂಡೆ ಎಳೆದುಕೊಂಡು ಹೋಗುತ್ತದೆ. ಎರಡರಲ್ಲೂ ಮೋಟಾರು ಒದರುವುದೇ ಹೆಚ್ಚು, ಸಾಗುವುದು ಕಡಿಮೆ. ಮೋಟಾರನ್ನು ದೋಣಿಗೆ ಬಿಗಿಯುವ ಪಟ್ಟಿಯಲ್ಲಿ ಸಾಲು ತೂತುಗಳಿರುತ್ತವೆ. ಪಿನ್ನನ್ನು ಒಂದು ತೂತು ಆಚೀಚೆ ಮಾಡಿದರೆ ಮೋಟಾರಿನ ಕಾಲು ನೀರಿನಲ್ಲಿ ಓರೆಯಾಗಿ, ಮೂತಿ ಸ್ವಲ್ಪ ಏಳುತ್ತದೆ ಅಥವಾ ಇಳಿಯುತ್ತದೆ. ಆದರೆ ತಪ್ಪು ಜಾಗದಲ್ಲಿಟ್ಟ ಭಾರವನ್ನು ಪಿನ್ನು ಪೂರ್ತಿ ಸರಿಮಾಡಲಾರದು. ದೋಣಿಯ ಹಿಂದೆ ಬಿಳಿ ನೊರೆ ಗುಡ್ಡೆಯಾಗಿ ಎದ್ದರೆ, ಅದು ನೀರಿಗೆ ಸುರಿದ ಪೆಟ್ರೋಲು ಎಂದು ನಮ್ಮ ತರಬೇತಿಯ ಉಸ್ತಾದರು ಹೇಳುತ್ತಿದ್ದರು. ಇಂದಿಗೂ ದೋಣಿ ಹೊರಟ ಕೂಡಲೇ ನನ್ನ ಕತ್ತು ತಾನಾಗಿ ಹಿಂದಕ್ಕೆ ತಿರುಗುತ್ತದೆ.

ಆ ಭಾನುವಾರ ಮುಂಗಾರಿನ ಆರಂಭ. ನಮ್ಮಲ್ಲಿ ಮಳೆಯ ಹನಿ ಇರಲಿಲ್ಲ; ಬಿಸಿಲಿಗೆ ಎರೆ ಹೊಲಗಳು ಬಾಯಿಬಿಟ್ಟಿದ್ದವು. ಮಳೆ ಮೇಲಿನ ಸೀಮೆಯಲ್ಲಿ ಬಿದ್ದಿತ್ತು. ಹೊಳೆಗೆ ಹೊಸ ನೀರು ಬರುತ್ತದೆ, ದಂಡೆಯವರು ಹುಷಾರಾಗಿರಿ ಎಂದು ಹಿಂದಿನ ದಿನವೇ ಡಂಗುರ ಸಾರಿದ್ದರಂತೆ. ನಾವು ಬಲೆ ಎತ್ತಿ, ಮೀನು ಮಾರಿ ಕಳಿಸಿ, ಮಧ್ಯಾಹ್ನದ ಬುತ್ತಿ ಮುಗಿಸಿ ದೋಣಿ ಕಟ್ಟುತ್ತಿದ್ದೆವು. ಆಗ ದಂಡೆಯ ಮೇಲೆ ಒಬ್ಬ ಹೆಣ್ಣುಮಗಳು ಓಡುತ್ತ ಬಂದಳು. ಸೀರೆಯ ನೆರಿಗೆ ಎತ್ತಿ ಕಟ್ಟಿದ್ದಳು.

ಲಕ್ಷ್ಮೇಶ್ವರದ ಕಡೆಯಿಂದ ಕುರಿ ಮೇಯಿಸುತ್ತ ಬಂದ ಗಂಡ-ಹೆಂಡತಿ ಅವರು. ಬೇಸಿಗೆಯಲ್ಲಿ ಹೊಳೆಯ ನಡುವೆ ಒಂದು ಹುಲ್ಲಿನ ದಿಬ್ಬ ಮೇಲೇಳುತ್ತದೆ. ಮೊಳಕಾಲುದ್ದ ನೀರು ದಾಟಿದರೆ ಹಸಿರು ಮೇವು. ಗಂಡ ನಸುಕಿನಲ್ಲೇ ಕುರಿ ಹೊಡೆದುಕೊಂಡು ಅಲ್ಲಿಗೆ ಹೋಗಿದ್ದ. ಡಂಗುರದ ಹೊತ್ತಿಗೆ ಅವರು ಇನ್ನೂ ದೂರದ ಹಟ್ಟಿಯಲ್ಲಿದ್ದರು, ಖಬರು ಮುಟ್ಟಿರಲಿಲ್ಲ. ಈಗ ದಾಟಿದ್ದ ಜಾಗದಲ್ಲಿ ಆಳ ನೀರು ಹರಿಯುತ್ತಿತ್ತು. ದಿಬ್ಬದ ಅಂಚು ಕರಗುತ್ತಿತ್ತು. ಅವನಿಗೆ ಈಜು ಬರುವುದಿಲ್ಲ ಎಂದು ಅವಳು ಹೇಳಿದಳು. ಆಮೇಲೆ ನನ್ನ ಕಡೆ ನೋಡಿ ದನಿ ತಗ್ಗಿಸಿದಳು.

"ಯಪ್ಪಾ, ಒಂದ್ ಕುರಿ ಉಳಿದ್ರೂ ಅಂವ ಅಲ್ಲಿಂದ ಕಾಲ ಕೀಳೂದಿಲ್ಲ. ನಾ ಬಲ್ಲೆ. ಕುರಿ ತಂದ್ರನ ಅಂವ ಬರ್ತಾನ."

ಅಷ್ಟು ಹೇಳಿದ್ದು ಸಾಕಾಗಿತ್ತು. ನಾನು ಟ್ಯಾಂಕು ಎತ್ತಿ ಅಲ್ಲಾಡಿಸಿದೆ. ಒಳಗಿನ ಸದ್ದು ತೆಳ್ಳಗಿತ್ತು. ಮೂರರಲ್ಲಿ ಒಂದು ಪಾಲು ಹೋಗಲು, ಒಂದು ಬರಲು, ಒಂದು ಕೈಯಲ್ಲಿ ಉಳಿಯಬೇಕು ಎನ್ನುವುದು ನಾನು ಎಂದೂ ಮುರಿಯದ ನಿಯಮ. ನಲವತ್ತರ ಮೇಲಿನ ಹಿಂಡನ್ನು ಆ ದೋಣಿಯಲ್ಲಿ ತರಲು ನಾಲ್ಕೈದು ಸಲ ಹೋಗಿಬರಬೇಕು. ಭಾಯಿ ತನ್ನ ಬೈಕಿನ ಪೈಪು ಕಿತ್ತು, ಅದರಲ್ಲಿದ್ದ ಪೆಟ್ರೋಲನ್ನೆಲ್ಲ ನಮ್ಮ ಟ್ಯಾಂಕಿಗೆ ಇಳಿಸಿದ. ಒಂದು ತಂಬಿಗೆಯಷ್ಟು ಬಂತು. ಕೊನೆಯ ಹನಿ ಬಿದ್ದ ಮೇಲೆ ಇಬ್ಬರಿಗೂ ಒಟ್ಟಿಗೇ ಹೊಳೆಯಿತು: ಇನ್ನು ಮುಂಡರಗಿಯ ಪಂಪಿಗೆ ಹೋಗಿ ಬರಲು ಗಾಡಿಯೂ ಇಲ್ಲ.

"ಆತು ಬಿಡ್ರಿ ಸುಬೇದಾರ್ರ, ಇನ್ನ ನಿಮ್ಮ ತೂತಿನ ಲೆಕ್ಕಾನ ನಮಗ ಗತಿ," ಎಂದ ಭಾಯಿ.

ಅವನನ್ನು ದಂಡೆಯಲ್ಲೇ ಬಿಟ್ಟೆ. ಕುರಿ ಇಳಿಸಿಕೊಳ್ಳಲು ಒಬ್ಬರು ಬೇಕಿತ್ತು, ಅವನ ಮೈಯ ಭಾರವೂ ದೋಣಿಗೆ ಬೇಡವಾಗಿತ್ತು. ತೇಲುವ ಜಾಕೀಟು ತೊಟ್ಟು, ಇನ್ನೊಂದನ್ನು ಕುರಿಗಾರನಿಗೆಂದು ಇಟ್ಟುಕೊಂಡು ಹೊರಟೆ.

ಕುರಿಗಾರ ನಡುವಯಸ್ಸಿನ ಎತ್ತರದ ಆಳು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಅವನ ಪಕ್ಕದಲ್ಲಿ ಕೊರಳಿಗೆ ಹಿತ್ತಾಳೆ ಗಂಟೆ ಕಟ್ಟಿದ ಒಂದು ಹಿರಿಯ ಕುರಿ. ಅದೇ ಹಿಂಡಿನ ಗಂಟಿ ಕುರಿ. ಅದು ಎತ್ತ ಹೋದರೆ ಉಳಿದವು ಅತ್ತ. ಅದನ್ನು ದೋಣಿಯ ಮೂತಿಯಲ್ಲಿ ನಿಲ್ಲಿಸಿದ. ಹಿಂಡನ್ನು ನಡೆಸುವಾಗ ಗಂಟಿ ಕುರಿ ಎಲ್ಲಕ್ಕಿಂತ ಮುಂದಿರಬೇಕು, ಅದರ ಮುಂದೆ ಇನ್ನೊಂದು ಕುರಿ ಹಾಯಬಾರದು. ಅದು ಅವರ ತಲೆಮಾರುಗಳ ರೂಢಿ. ಕುರಿಗಳೇನೋ ದುಡುದುಡು ಹತ್ತಿದವು. ಆದರೆ ಹತ್ತಿದವೆಲ್ಲ ಗಂಟೆಯ ಸದ್ದಿಗೆ ಮೂತಿಯತ್ತ ಒತ್ತರಿಸಿದವು. ನಾನೊಬ್ಬ ಹಿಂದೆ, ಹಿಂಡು ಪೂರ್ತಿ ಮುಂದೆ.

ದೋಣಿ ಮೂತಿ ಹೂಳಿಕೊಂಡು ಹೊರಟಿತು. ಕೆಂಪು ನೀರು ಅಂಚಿನವರೆಗೆ ಎದ್ದು ಕುರಿಗಳ ಮೂಗಿಗೆ ಸಿಡಿಯಿತು. ಹಿಂದೆ ಮೋಟಾರಿನ ರೆಕ್ಕೆ ನೀರಿನಿಂದ ಮೇಲೆದ್ದು ಗಾಳಿ ಕಚ್ಚಿ ಕಿರುಚಿತು. ಪಿನ್ನು ತೆಗೆದು ಒಂದು ತೂತು ಹೊರಕ್ಕೆ ಹಾಕಿದೆ, ಅಷ್ಟೇನೂ ಪ್ರಯೋಜನವಾಗಲಿಲ್ಲ. ದಂಡೆ ಮುಟ್ಟಿ ಟ್ಯಾಂಕು ಅಲ್ಲಾಡಿಸಿದೆ. ಒಂದೇ ಸುತ್ತಿಗೆ ಹೋಗಬಾರದಷ್ಟು ಹೋಗಿತ್ತು. ಇದೇ ರೀತಿ ನಡೆದರೆ ಅರ್ಧ ಹಿಂಡು ಮತ್ತು ಆ ಹೆಣ್ಣುಮಗಳ ಗಂಡ ದಿಬ್ಬದಲ್ಲೇ ಉಳಿಯುತ್ತಾರೆ. ಅವಳ ಮುಖ ನೋಡದೆ ದೋಣಿ ತಿರುಗಿಸಿದೆ.

ಗಂಟಿ ಕುರಿಯನ್ನು ಮತ್ತೆ ಕರೆದೊಯ್ಯಲೇಬೇಕಿತ್ತು, ಇಲ್ಲದಿದ್ದರೆ ಉಳಿದವು ದೋಣಿ ಹತ್ತುವುದಿಲ್ಲ. ಅದು ತನ್ನ ಪಾಡಿಗೆ ತಾನು ಹೋಗಿ ಮೂತಿಯಲ್ಲಿ ನಿಂತಿತು. ಆಗ ಒಂದು ವಿಚಿತ್ರ ಕಂಡಿತು. ಖಾಲಿ ದೋಣಿಯಲ್ಲಿ ನಾನೊಬ್ಬನೇ ಹಿಂದೆ ಕುಳಿತರೆ ಮೂತಿ ಗಾಳಿಗೆ ಏಳುತ್ತಿತ್ತು. ಈಗ ಆ ಕುರಿಯ ಭಾರಕ್ಕೆ ದೋಣಿ ಮಟ್ಟಸವಾಗಿ, ಹಿಂದೆ ನೊರೆಯಿಲ್ಲದೆ ಜಾರಿತು. ಮೋಟಾರಿನ ಸದ್ದು ಇಳಿಯಿತು, ವೇಗ ಇಳಿಯಲಿಲ್ಲ. ಹೋಗುವಾಗ ಅದರ ಜಾಗ ಸರಿ, ಬರುವಾಗ ತಪ್ಪು.

ದಿಬ್ಬ ಮುಟ್ಟಿ, ಈ ಸಲ ಗಂಟಿ ಕುರಿಯನ್ನು ನಡುವಿನ ಅಡ್ಡಹಲಗೆಗೆ ಕಟ್ಟಬೇಕು ಎಂದೆ. ಕುರಿಗಾರ ತಲೆ ಅಲ್ಲಾಡಿಸಿದ. ನೀರು ಅವನ ಕಾಲ ಚಪ್ಪಲಿಗೆ ಬಂದಿತ್ತು, ಆದರೂ ಅಲ್ಲಾಡಿಸಿದ.

"ಅದರ ಮುಂದ ಬ್ಯಾರೆ ಕುರಿ ನಿಲ್ಲಂಗಿಲ್ರಿ ಅಜ್ಜಾರ. ನಮ್ಮಪ್ಪನೂ ನಿಲ್ಲಿಸಿಲ್ಲ, ನಾನೂ ನಿಲ್ಲಿಸಂಗಿಲ್ಲ. ಹಿಂಡು ಒಡೀತೈತಿ."

"ಮುಂದ ನಿಲ್ಲಿಸಿದ್ರ ಪೆಟ್ರೋಲ್ ಮುಗೀತೈತಿ," ಎಂದೆ. "ಆಮ್ಯಾಲ ನಿನ್ನ ಒಯ್ಯಾಕ ನಾ ಬರಾಕ ಆಗೂದಿಲ್ಲ. ಅಲ್ಲಿ ನಿನ್ನ ಹೆಂಡ್ತಿ ನಿಂತಾಳ, ನೋಡು."

ಅವನು ನೋಡಿದ. ದಂಡೆಯಲ್ಲಿ ಅವಳು ಚಿಕ್ಕದಾಗಿ ಕಾಣುತ್ತಿದ್ದಳು. ಗಂಟಿ ಕುರಿಯ ಹಣೆಯನ್ನು ಮುಟ್ಟಿ, ಆ ಬೆರಳನ್ನು ತನ್ನ ಕಣ್ಣಿಗೊತ್ತಿಕೊಂಡು, ತಾನೇ ಅದನ್ನು ನಡುಹಲಗೆಗೆ ಕಟ್ಟಿದ. ಹತ್ತಿದ ಕುರಿಗಳು ಮುಂದೆ ಹಾಯ್ದು, ಗಂಟೆ ಹಿಂದಿನಿಂದ ಕೇಳಿಸಿದ್ದಕ್ಕೆ ಗಲಿಬಿಲಿಗೊಂಡು, ತಿರುಗಿ ಅದರ ಸುತ್ತ ಗುಂಪುಗೂಡಿದವು. ಭಾರ ತಾನಾಗಿ ನಡುವಿಗೆ ಬಂತು. ಪಿನ್ನನ್ನು ಹಳೆಯ ತೂತಿಗೆ ಹಾಕಿ, ವೇಗದ ಹಿಡಿಕೆಯನ್ನು ಅರ್ಧಕ್ಕೆ ಮಾತ್ರ ತಿರುವಿ, ಹಿಂದೆ ನೋಡಿದೆ. ನೊರೆ ಕಡಿಮೆ ಇತ್ತು.

ಹೀಗೆ ಹೋಗುವಾಗ ಮೂತಿಗೆ, ಬರುವಾಗ ನಡುವಿಗೆ ಗಂಟಿ ಕುರಿ ಓಡಾಡಿತು. ಭಾಯಿ ದಂಡೆಯಲ್ಲಿ ಅದಕ್ಕೊಂದು ಬಸ್ ಪಾಸು ಮಾಡಿಸಬೇಕೆಂದು ನಗಿಸಲು ನೋಡಿದ. ಯಾರೂ ನಗಲಿಲ್ಲ. ಸೆಳವು ಬಲವಾಗುತ್ತಿತ್ತು; ಪ್ರತಿ ಸಲವೂ ದೋಣಿಯನ್ನು ಸೆಳವಿನ ಎದುರಿಗೆ ಓರೆಯಾಗಿ ಹಿಡಿಯಬೇಕಿತ್ತು. ಕೆಳಗೆ ದೂರದಲ್ಲಿ ಬ್ಯಾರೇಜಿನ ಬಾಗಿಲುಗಳು ತೆರೆದಿದ್ದವು. ಮೋಟಾರು ನಿಂತರೆ ದೋಣಿ ಎತ್ತ ಹೋಗುತ್ತದೆ ಎಂದು ನನಗೆ ಗೊತ್ತಿತ್ತು.

ಕೊನೆಯ ಸುತ್ತಿಗೆ ಹೊರಡುವಾಗ ಟ್ಯಾಂಕು ಸದ್ದೇ ಮಾಡಲಿಲ್ಲ. ನನ್ನ ಮೂರು ಪಾಲಿನ ನಿಯಮದಲ್ಲಿ ಒಂದು ಪಾಲೂ ಉಳಿದಿರಲಿಲ್ಲ. ಭಾಯಿ ನನ್ನ ಮುಖ ನೋಡಿ, ಬಲೆಯ ಉದ್ದ ಹಗ್ಗವನ್ನು ಬಿಚ್ಚತೊಡಗಿದ. ನಾನು ಹೊರಟೆ.

ದಿಬ್ಬದಲ್ಲಿ ಉಳಿದಿದ್ದು ಕೆಲವು ಮುದಿ ಕುರಿಗಳು, ಒಂದು ಮರಿ, ಮತ್ತು ಅವನು. ನೀರು ಅವನ ಮೊಳಕಾಲು ದಾಟಿತ್ತು. ಜಾಕೀಟು ತೊಡಿಸಿ, ಮರಿಯನ್ನು ಮಡಿಲಲ್ಲಿಟ್ಟುಕೊಂಡು ನಡುವೆಯೇ ಕೂರಬೇಕೆಂದೆ. ಈ ಸಲ ಅವನು ಹೇಳಿದಲ್ಲೇ ಕೂತ.

ಅರ್ಧ ಹೊಳೆಯಲ್ಲಿ ಮೋಟಾರು ಕೆಮ್ಮಿತು. ಟ್ಯಾಂಕಿನ ತಳದಲ್ಲಿ ಉಳಿದ ಪೆಟ್ರೋಲು ಒಂದು ಮೂಲೆಗೆ ಹರಿದು, ಹೀರುವ ಕೊಳವೆಗೆ ಗಾಳಿ ಸಿಕ್ಕಿತ್ತು. ಕೊಳವೆ ಇರುವುದು ಟ್ಯಾಂಕಿನ ಎದುರು ಮೂಲೆಯಲ್ಲಿ. ನನ್ನ ಕೈ ಹಿಡಿಕೆ ಬಿಡುವಂತಿರಲಿಲ್ಲ.

"ಕಂಬಳಿ ತಗಿ. ಮಡಚಿ ಟ್ಯಾಂಕಿನ ಈ ಮೂಲಿ ಕೆಳಗ ತುರುಕು. ಏಳಬ್ಯಾಡ, ಕುಂತಲ್ಲಿಂದನ."

ಅವನು ಮರಿಯನ್ನು ಗದ್ದದ ಕೆಳಗೆ ಒತ್ತಿ ಹಿಡಿದು, ಎರಡೂ ಕೈಯಿಂದ ಕಂಬಳಿ ತುರುಕಿದ. ಟ್ಯಾಂಕು ವಾಲಿತು. ಮೋಟಾರು ಮತ್ತೊಮ್ಮೆ ಕೆಮ್ಮಿ, ಸುಮ್ಮನಾಗಿ, ಆಮೇಲೆ ಹಿಡಿಯಿತು. ದಂಡೆ ಬರುತ್ತಿತ್ತು, ಆದರೆ ನಾವು ಕೆಳಕ್ಕೂ ಜಾರುತ್ತಿದ್ದೆವು. ನಾನು ನೊರೆ ನೋಡಲಿಲ್ಲ. ಕುರಿಗಾರನ ತಲೆಯ ಮೇಲಿಂದ ಭಾಯಿಯನ್ನೇ ನೋಡುತ್ತಿದ್ದೆ. ಅವನು ಹಗ್ಗ ಸುತ್ತಿಕೊಂಡು ದಂಡೆಗುಂಟ ನಮ್ಮ ಜೊತೆ ಓಡುತ್ತಿದ್ದ. ಮೋಟಾರು ನಿಂತಾಗ ಭಾಯಿ ಸೊಂಟದ ನೀರಿಗಿಳಿದು ಹಗ್ಗ ಎಸೆದ. ಮೊದಲ ಎಸೆತ ನೀರಿಗೆ ಬಿತ್ತು. ಎರಡನೆಯದನ್ನು ಕುರಿಗಾರ ಹಿಡಿದ. ಅತ್ತ ಕಡೆ ಅವನ ಹೆಂಡತಿ ಹಗ್ಗದ ತುದಿಯನ್ನು ಜಾಲಿ ಮರದ ಬುಡಕ್ಕೆ ಸುತ್ತಿ ಹಿಂದಕ್ಕೆ ಒರಗಿ ನಿಂತಿದ್ದಳು.

ಹಗ್ಗ ಹಿಡಿದು ದೋಣಿಯನ್ನು ದಂಡೆಗೆ ಎಳೆದುಕೊಂಡು ಇಳಿದ ಮೇಲೆ ನನ್ನ ಬೆರಳುಗಳಿಗೆ ಜಾಕೀಟಿನ ಗಂಟು ಬಿಚ್ಚಲು ಬರಲಿಲ್ಲ. ಭಾಯಿ ಬಿಚ್ಚಿದ. ಅವಳು ಗಂಡನ ಹತ್ತಿರ ಹೋದಳು.

"ನಿನ್ನ ಗಂಟಿ ಕುರಿ ನಡುವ ನಿಂತ್ರೂ ಹಿಂಡು ಒಡದಿಲ್ಲ," ಎಂದಳು. "ನೀ ನಡುವ ಕುಂತಿದ್ದೂ ನಾ ನೋಡೀನಿ."

ಅವನು ಮರಿಯನ್ನು ಅವಳ ಕೈಗೆ ಕೊಟ್ಟ. ಒದ್ದೆ ಕಂಬಳಿಯಿಂದ ಪೆಟ್ರೋಲಿನ ವಾಸನೆ ಬರುತ್ತಿತ್ತು. ಅದನ್ನು ಹಿಂಡಿ ಹೆಗಲಿಗೆ ಹಾಕಿಕೊಂಡು, ಗಂಟಿ ಕುರಿಯನ್ನು ಮುಂದೆ ಬಿಟ್ಟು ಹೊರಟ. ಹಿಂಡು ಅದರ ಹಿಂದೆ ಸಾಲು ಹಿಡಿಯಿತು. ನಾನೂ ಭಾಯಿಯೂ ಖಾಲಿ ಬೈಕನ್ನು ತಳ್ಳಿಕೊಂಡು ರಸ್ತೆಗೆ ಹತ್ತಿದೆವು. ತಿರುಗಿ ನೋಡಿದಾಗ ದಿಬ್ಬ ಇದ್ದ ಕಡೆ ಹುಲ್ಲಿನ ತುದಿಗಳು ಸೆಳವಿಗೆ ಬಾಗಿದ್ದವು. ಸ್ವಲ್ಪ ಮುಂದೆ ಹೋಗಿ ಇನ್ನೊಮ್ಮೆ ತಿರುಗಿದೆ. ಅವೂ ಇರಲಿಲ್ಲ. ಗಂಟೆಯ ಸದ್ದು ಮಾತ್ರ ಎರೆ ಹೊಲದ ಆಚೆಯಿಂದ ಕೇಳುತ್ತಿತ್ತು.