ರಾಯವ್ವನಿಗೆ ಸಿಕ್ಕ ನಾಲ್ಕು ದಿನ

ನೂರರಿಂದ ಏಳೇಳು ಕಳೆಯುತ್ತ ಹೋಗಬೇಕು, ಅಷ್ಟೇ. ಇಪ್ಪತ್ತೆರಡು ವರ್ಷ ಮಕ್ಕಳಿಗೆ ಗಣಿತ ಕಲಿಸಿದ ನಿಜಗುಣಪ್ಪ ಮಾಸ್ತರರು ಚಾವಡಿಯಲ್ಲಿ ಊರವರೆದುರು ಕುಳಿತು, "ತೊಂಬತ್ಮೂರು, ಎಂಬತ್ತಾರು" ಎಂದರು. ಗಂಟಲು ಸರಿಮಾಡಿಕೊಂಡು, "ಎಪ್ಪತ್ತೆಂಟು" ಎಂದರು.

"ಎಪ್ಪತ್ತೊಂಬತ್ರೀ ಮಾಸ್ತರ," ಎಂದ ಎಮ್ಮೆ ಕಾಯುವ ಮಲಕಾಜಪ್ಪ, ಬಾಯಿಂದ ಬೀಡಿ ತೆಗೆಯದೆ.

ಚಾವಡಿಗೆ ಚಾವಡಿಯೇ ನಕ್ಕಿತು. ಬುದ್ಧಿಯ ಪರೀಕ್ಷೆ ಎಷ್ಟು ಸುಲಭವೆಂದು ಜನರಿಗೆ ತೋರಿಸಲು ಮಾಸ್ತರರೇ ಮುಂದೆ ಬಿದ್ದು ಕುಳಿತಿದ್ದರು. ಡಾಕ್ಟರಬಾಯಿ ನಗಲಿಲ್ಲ, ಫಾರ್ಮಿನಲ್ಲಿ ಏನೋ ಬರೆದುಕೊಂಡರು. ಅದು ನಕ್ಕಿದ್ದಕ್ಕಿಂತ ಕೆಟ್ಟದ್ದಾಗಿತ್ತು.

ಅದು ೧೯೭೫ರ ಜನವರಿ. ಮುನವಳ್ಳಿಯ ಹತ್ತಿರದ ಆ ಊರಿಗೆ ನವಿಲುತೀರ್ಥದ ಕಾಲುವೆ ನೀರು ಹೊಸದಾಗಿ ಬಂದಿತ್ತು; ಅದರ ಹಿಂದೆಯೇ ಯಾವುದೋ ವೈದ್ಯಕೀಯ ಕಾಲೇಜಿನ ಜೀಪು ಬಂತು. ಬರೀ ಜೋಳ ಉಣ್ಣುವವರಲ್ಲಿ ಕೆಲವರಿಗೆ ಮರೆವು, ಮಂಕು, ಭ್ರಮೆ ಬರುವುದೇಕೆ, ಬುದ್ಧಿ ಕೆಡುವ ಮೊದಲು ಮೈಯಲ್ಲಿ ಏನು ಕೆಟ್ಟಿರುತ್ತದೆ ಎಂಬುದು ಡಾಕ್ಟರಬಾಯಿಯ ಸಂಶೋಧನೆ. ಅವರು ಮೈಸೂರಿನ ಕಡೆಯವರು. ಅವರ ಕನ್ನಡವನ್ನು ಊರವರಿಗೆ ಕನ್ನಡದಲ್ಲಿ ತಿಳಿಸಿ ಹೇಳುವ ಕೆಲಸ ಮಾಸ್ತರರದು. ಊರಿಗೆ ಬರುವ ಪತ್ರಗಳನ್ನು ಓದಿ ಹೇಳುವವರೂ ಅವರೇ.

ಚಾವಡಿಯಿಂದ ಎದ್ದು ಮನೆಮನೆಗೆ ಹೊರಟರು. ಮೂರನೆಯ ಮನೆ ಯರಗಟ್ಟಿ ಪೇಟೆಯಲ್ಲಿ ಹಮಾಲಿ ಮಾಡುವ ಶಟ್ಟೆಪ್ಪನದು. ಅವನ ಅಕ್ಕ ರಾಯವ್ವ ಅಂಗಳದಲ್ಲಿ ಕುಳಿತಿದ್ದಳು. ಅವಳ ಕಾಲಿಗೆ ಹಳೆಯ ಸೀರೆಯ ಪಟ್ಟಿ ಕಟ್ಟಿ ಇನ್ನೊಂದು ತುದಿಯನ್ನು ಕಂಬಕ್ಕೆ ಬಿಗಿದಿದ್ದರು.

ಮಾಸ್ತರರು ಬೇರೆ ಕಡೆ ನೋಡಿದರು. ಈ ರಾಯವ್ವ ಗಂಡನ ಜೊತೆ ಆಣೆಕಟ್ಟಿನ ಕೆಲಸಕ್ಕೆ ಕಲ್ಲು ಹೊತ್ತವಳು. ಗಂಡ ಅಲ್ಲೇ ಜ್ವರಕ್ಕೆ ಸತ್ತ ಮೇಲೆ ತಮ್ಮನ ಮನೆಗೆ ಬಂದು, ಬೀಜದ ಶೇಂಗಾ ಒಡೆಯುವ ಕೂಲಿಯಲ್ಲಿ ತನ್ನ ರೊಟ್ಟಿ ತಾನು ದುಡಿದವಳು. ದೀಪಾವಳಿಯ ಈಚೆಗೆ ಹಿಟ್ಟು ಎಲ್ಲಿಟ್ಟೆ ಎಂದು ಮರೆತಳು. ಆಮೇಲೆ ತಮ್ಮನ ಹೆಸರು ಮರೆತಳು. ಅಂಗಾಲು ಉರಿಯುತ್ತದೆಂದು ಹೋಗಿ ತುಂಬಿದ ಕಾಲುವೆಯಲ್ಲಿ ಇಳಿದು ನಿಂತಳು, ಎರಡು ಸಲ. ಅವಳನ್ನು ಧಾರವಾಡದ ಹುಚ್ಚರ ಆಸ್ಪತ್ರೆಗೆ ಸೇರಿಸಲು ಅರ್ಜಿ ತಯಾರಾಗಿತ್ತು. 'ಸದರಿ ಹೆಣ್ಣುಮಗಳು ಸಂಪೂರ್ಣ ಬುದ್ಧಿಭ್ರಮಣೆ ಹೊಂದಿದ್ದು' ಎಂಬ ಅದರ ಮೊದಲ ಸಾಲು ಮಾಸ್ತರರದೇ. ಬರೆದ ದಿನ ಆ ಸಾಲಿನ ಬಗ್ಗೆ ಅವರಿಗೆ ಹೆಮ್ಮೆಯೂ ಆಗಿತ್ತು.

ಡಾಕ್ಟರಬಾಯಿ ಯಾವ ಪ್ರಶ್ನೆಯನ್ನೂ ಕೇಳದೆ ರಾಯವ್ವನ ಕೈ ಹಿಡಿದು ನೋಡಿದರು. ಮುಂಗೈ ಸುಟ್ಟಂತೆ ಕಪ್ಪಾಗಿ ಬಿರಿದಿತ್ತು. ಕುತ್ತಿಗೆಯ ಸುತ್ತ ಸರ ಹಾಕಿದಂತೆ ಅದೇ ಕಪ್ಪು.

"ಭೇದಿ ಆಗ್ತಿದೆಯಾ? ಏನು ಊಟ ಮಾಡ್ತಾರೆ?"

"ತಿಂಗಳಾತ್ರಿ ಭೇದಿ ಹತ್ತಿ," ಎಂದಳು ಶಟ್ಟೆಪ್ಪನ ಹೆಂಡತಿ ಕೃಷ್ಣವ್ವ. "ಊಟ ಏನೈತಿ, ರೊಟ್ಟಿ, ಖಾರ."

"ಶೇಂಗಾ ಒಡೀತಾರಂತಲ್ಲ, ತಿನ್ನಲ್ವಾ?"

ಕೃಷ್ಣವ್ವ ಮಾಸ್ತರರ ಮುಖ ನೋಡಿದಳು, ಇದನ್ನೂ ಹೇಳಬೇಕೇ ಎಂಬಂತೆ. ಒಡೆಯರ ಪಡಸಾಲೆಯಲ್ಲಿ ಶೇಂಗಾ ಒಡೆಯುವ ಹೆಂಗಸರು ಹಾಡುತ್ತಲೇ ಇರಬೇಕು; ಹಾಡು ನಿಂತರೆ ಯಾರ ಬಾಯಿ ಆಡುತ್ತಿದೆ ಎಂದು ಒಡತಿ ಒಳಗಿಂದ ಎದ್ದು ಬರುತ್ತಾಳೆ. "ನಮ್ಮ ರಾಯವ್ವ ಮೊದಲ ಸೊಲ್ಲು ಎತ್ತಾಕಿರಿ. ಉಳದವರು ಸೊಲ್ಲು ಸೊಲ್ಲಿನ ನಡುವ ಒಂದೆರಡು ಕಾಳು ಬಾಯಿಗೆ ಹಾಕ್ಕೊಂತಾರ. ಈಕಿಗೆ ಪುರಸೊತ್ತ ಎಲ್ಲೈತಿ?"

ಡಾಕ್ಟರಬಾಯಿ ಪೆನ್ನು ಕೆಳಗಿಟ್ಟರು. "ಇದು ಹುಚ್ಚಲ್ಲ. ಪೆಲಾಗ್ರ ಅಂತ. ಬರೀ ಜೋಳ ತಿಂದು ಒಂದು ಜೀವಸತ್ವ ಕಡಿಮೆಯಾಗಿದೆ, ಶೇಂಗಾದಲ್ಲಿ ಇರೋ ಅಂಥದ್ದು. ಚರ್ಮ, ಹೊಟ್ಟೆ, ಆಮೇಲೆ ಮಿದುಳು. ಮಾತ್ರೆ ಕೊಡ್ತೀನಿ, ಒಂದು ವಾರ ಬಿಡಿ."

"ವಾರ ಆಗಂಗಿಲ್ರಿ ಬಾಯಾರ," ಎಂದ ಶಟ್ಟೆಪ್ಪ. "ಬುಧವಾರಕ್ಕ ಲಾರಿ ಹೇಳೇನಿ. ನಾ ಪ್ಯಾಟ್ಯಾಗ ಚೀಲ ಹೊರೂಮುಂದ ಈಕಿ ಕಾಲುವ್ಯಾಗ ಹೋದ್ರ ಹೊಣಿ ಯಾರು? ನೀವು ಜೀಪು ಹತ್ತಿ ಹೋಗಾವ್ರು."

"ನಾ ಹೊಣಿ," ಎಂದಿತು ಒಂದು ದನಿ. ಅದು ತಮ್ಮದೇ ಎಂದು ಮಾಸ್ತರರಿಗೆ ತಡವಾಗಿ ಗೊತ್ತಾಯಿತು.

ಬುಧವಾರದ ತನಕ ನೋಡೋಣವೆಂದು ಶಟ್ಟೆಪ್ಪ ಒಪ್ಪಿದ; ಆ ದಿನ ತಿರುಗಿ ಬರುತ್ತೇನೆಂದು ಡಾಕ್ಟರಬಾಯಿ ಹೇಳಿ ಹತ್ತಿದ ಮೇಲೆ ಜೀಪು ಮುಂದಿನ ಊರು ಉಗರಗೋಳದ ಕಡೆ ಹೋಯಿತು. ಶನಿವಾರದಿಂದ ಮಾಸ್ತರರು ದಿನಕ್ಕೆ ಮೂರು ಹೊತ್ತು ಮಾತ್ರೆ, ಒಂದು ಹಿಡಿ ಹುರಿದ ಶೇಂಗಾ ಹಿಡಿದು ಬಂದರು. ರವಿವಾರ ರಾಯವ್ವ ಮಾತ್ರೆಯನ್ನು ಅವರ ಅಂಗಿಯ ಮೇಲೆ ಉಗುಳಿದಳು. ಸೋಮವಾರ ನುಂಗಿದಳು, ಆದರೆ ಅವರನ್ನು ಸತ್ತ ಗಂಡನೆಂದು ತಿಳಿದು ಮನಸಾರೆ ಬೈದಳು. ಬೈಗುಳದಲ್ಲಿ ಒಂದು ಕ್ರಮ ಕಾಣುತ್ತಿದೆ ಎಂದು ಮಾಸ್ತರರು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಮಂಗಳವಾರ ಮುಂಜಾನೆ ಕೃಷ್ಣವ್ವ ಶಾಲೆಯ ಬಾಗಿಲಿಗೆ ಓಡಿ ಬಂದಳು. "ಬಯಲಕಡೆ ಹೋಗಬೇಕಂದ್ಳು, ಬಿಚ್ಚಿದ್ನಿರಿ. ತಿರುಗಿ ಬಂದಿಲ್ಲ."

ಮಾಸ್ತರರು ಓಡಿದರು. ಒಂದು ಚಪ್ಪಲಿ ದಾರಿಯಲ್ಲೇ ಉಳಿಯಿತು. ಕಾಲುವೆಯಲ್ಲಿ ನೀರು ದಂಡೆ ಮುಟ್ಟಿ ಹರಿಯುತ್ತಿತ್ತು. ದಂಡೆಯ ಮೇಲೆ ಒಂದು ಸೀರೆ ಮುದ್ದೆಯಾಗಿ ಬಿದ್ದಿತ್ತು. ಮನುಷ್ಯರಿರಲಿಲ್ಲ. ಅವರು ನೀರನ್ನೇ ನೋಡುತ್ತ ದಂಡೆಗುಂಟ ಓಡಿದರು.

ಜಾಲಿಗಿಡದ ಆಚೆ ಬಟ್ಟೆ ಒಗೆಯುವ ಸದ್ದು ಕೇಳಿತು. ರಾಯವ್ವ ಕಲ್ಲಿನ ಮೇಲೆ ಕುಳಿತು ತನ್ನ ಇನ್ನೊಂದು ಸೀರೆ ಒಗೆಯುತ್ತಿದ್ದಳು.

"ಒಂದ ಕಾಲಾಗ ಚಪ್ಪಲಿ ಹಾಕ್ಕೊಂಡು ಎಲ್ಲಿಗೆ ಹೊಂಟೀರಿ ಮಾಸ್ತರ?" ಎಂದಳು. "ಸಾಲಿ ಸೂಟಿ ಏನು?"

ಮಾಸ್ತರರು ಅಲ್ಲೇ ಮಣ್ಣಿನಲ್ಲಿ ಕುಳಿತರು.

ಶಟ್ಟೆಪ್ಪ ಮಾತ್ರ ನಂಬಲಿಲ್ಲ. "ಹುಚ್ಚರೂ ಅರಿವಿ ಒಗೀತಾರ. ಬಾಯಾರು ನನ್ನ ಮುಂದ ಕೇಳಲಿ. ಎಲ್ಲಾದಕ್ಕೂ ನೆಟ್ಟಗ ಹೇಳಿದ್ರ ಲಾರಿ ತಿರುಗಿ ಹೋಗತೈತಿ, ಇಲ್ಲಂದ್ರ ಈಕೀನ ಕರಕೊಂಡ ಹೋಗತೈತಿ."

ಬುಧವಾರ ಲಾರಿ ಬಂದು ಅಂಗಳದ ಹೊರಗೆ ನಿಂತಿತು. ಡ್ರೈವರ್ ಇಂಜಿನ್ ಆರಿಸಲಿಲ್ಲ. ಡಾಕ್ಟರಬಾಯಿ ಫಾರ್ಮು ಬಿಚ್ಚಿದರು. ಮಾಸ್ತರರು ಪ್ರಶ್ನೆಗಳನ್ನು ಊರ ಮಾತಿಗೆ ತಿರುಗಿಸಿ ಕೇಳಿದರು. ಪ್ರತಿ ಉತ್ತರಕ್ಕೂ ಅವರೇ ಬೆವರಿದರು.

"ಇವತ್ತು ಯಾವ ವಾರ?"

"ಬುಧವಾರ. ನನ್ನ ಒಯ್ಯೂ ವಾರ."

ಶಟ್ಟೆಪ್ಪ ತಲೆ ತಗ್ಗಿಸಿದ. ಅವನ ಹೆಸರು ಹೇಳಿದಳು, ತೀರಿಹೋದ ತಾಯಿಯ ಹೆಸರು ಹೇಳಿದಳು. ಮೂರು ವಸ್ತುಗಳ ಹೆಸರು ಕೇಳಿಸಿಕೊಂಡು, ಸ್ವಲ್ಪ ಹೊತ್ತಿನ ಮೇಲೆ ಎರಡನ್ನು ಹೇಳಿ ಮೂರನೆಯದಕ್ಕೆ ತಡಕಾಡಿದಳು. ಹೊರಗೆ ಡ್ರೈವರ್ ಹಾರ್ನ್ ಒತ್ತಿದ. "ಕುಡಗೋಲು," ಎಂದಳು.

"ಇನ್ನೊಂದೇ ಉಳಿದಿದೆ, ವಿವೇಚನೆಯ ಪ್ರಶ್ನೆ," ಎಂದರು ಡಾಕ್ಟರಬಾಯಿ.

ಶಟ್ಟೆಪ್ಪ ಕಂಬ ಹಿಡಿದು ನಿಂತ. ಮಾಸ್ತರರು ಫಾರ್ಮಿನಲ್ಲಿ ಕಣ್ಣಿಟ್ಟು ಕೇಳಿದರು: "ರಾಯವ್ವಾ, ಹಾದ್ಯಾಗ ನಿನಗೊಂದು ಪತ್ರ ಬಿದ್ದದ್ದು ಸಿಗತೈತಿ. ಲಕೋಟಿ ಅಂಟಿಸೇತಿ, ಮ್ಯಾಲೆ ತಿಕೀಟು ಹಚ್ಚೇತಿ. ಏನ್ಮಾಡ್ತಿ?"

ರಾಯವ್ವ ಅವರನ್ನೊಮ್ಮೆ, ಡಾಕ್ಟರಬಾಯಿಯನ್ನೊಮ್ಮೆ ನೋಡಿದಳು.

"ಅಂಚಿ ಡಬ್ಬಿಗೆ ಹಾಕತೇನ್ರಿ. ಮಾಸ್ತರ ಕೈಯಾಗ ಕೊಟ್ರ ಒಡದು ಓದತಾರ."