ಬೆಲ್ ಒತ್ತದೆ ಬಂದ ಮಗ

ಅಪ್ಪ ಕೇಳಿದ ಒಂದು ಮಾತನ್ನು ನಾನು ತಮ್ಮ ಬಸುವಿಗೆ ಮುಟ್ಟಿಸಲಿಲ್ಲ. ಅಷ್ಟರಲ್ಲಿ ಅಪ್ಪ ಹೋಗಿಬಿಟ್ಟ. ಅದು ಎಂಥ ಮಾತಾಗಿತ್ತೆಂದು ನನಗೆ ತಿಳಿದದ್ದು ಲಂಡನ್ನಿನಲ್ಲಿ, ಒಬ್ಬ ಯೆಹೂದಿ ಮುದುಕರ ಮನೆಯಲ್ಲಿ.

ಎಜ್ವೇರಿನ ಆ ಮನೆಗೆ, ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋದ ಮೊದಲ ಶನಿವಾರ ರೂಬೆನ್ ಅಜ್ಜಾರು, "ಇಲ್ಲಿ ಚಳಿ ಇದೆ," ಎಂದರು. ಹೌದೆಂದೆ. "ಕತ್ತಲೂ ಇದೆ." ಅದಕ್ಕೂ ಹೌದೆಂದೆ. ಸ್ವಿಚ್ಚು ಅವರ ಕೈಗೆ ಎಟುಕುವಲ್ಲೇ ಇತ್ತು. ಆದರೂ ಅವರು ಮುಟ್ಟಲಿಲ್ಲ. ಪಾಪ, ವಯಸ್ಸಾಗಿದೆಯೆಂದು ಶಾಲು ಹೊದಿಸಿ ನಾನೂ ಪಕ್ಕದಲ್ಲಿ ಕೂತೆ. ಇಬ್ಬರೂ ಕತ್ತಲಲ್ಲಿ ನಡುಗುತ್ತ ಕೂತಿದ್ದೆವು.

ಪಕ್ಕದ ಮನೆಯಾಕೆ ಬಂದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಕೆ ಹೇಳಿದ ಮೇಲೆ ತಿಳಿಯಿತು: ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗೆ ಯೆಹೂದಿಗಳಿಗೆ ಶಬ್ಬತ್, ಬಿಡುವಿನ ದಿನ. ದೀಪ ಹಚ್ಚುವಂತಿಲ್ಲ, ಕಾರು ಹತ್ತುವಂತಿಲ್ಲ, ಕೊಡೆ ಬಿಚ್ಚುವಂತಿಲ್ಲ, ಬಾಗಿಲ ಬೆಲ್ ಕೂಡ ಒತ್ತುವಂತಿಲ್ಲ. ಬೇರೆಯವರಿಗೆ ಮಾಡೆಂದು ಹೇಳುವಂತೆಯೂ ಇಲ್ಲ. ಚಳಿ ಇದೆ ಎನ್ನಬಹುದು, ಅಷ್ಟೇ. ಉಳಿದದ್ದನ್ನು ಕೇಳಿದವರು ತಿಳಿದುಕೊಳ್ಳಬೇಕು. ನಮ್ಮ ಧಾರವಾಡದ ಕಡೆ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ. ಇಲ್ಲಿ ಮನುಷ್ಯರಿಗೂ ಆ ಭಾಗ್ಯವಿದೆಯಲ್ಲ ಎಂದುಕೊಂಡೆ.

ನಾವು ಹ್ಯಾರೋದಲ್ಲಿ ಬಾಡಿಗೆ ಫ್ಲ್ಯಾಟಿನಲ್ಲಿದ್ದೆವು. ನಮ್ಮವರಿಗೆ ಏರ್‌ಪೋರ್ಟಿನ ಅಡುಗೆಮನೆಯಲ್ಲಿ ಕೆಲಸ. ಅಂಗಡಿಯಲ್ಲಿ ಜೋಳದ ಹಿಟ್ಟು ಸಿಗುತ್ತಿತ್ತು. ಆದರೆ ರೊಟ್ಟಿ ಬಡಿಯಲು ಕೂತರೆ ಕೆಳಗಿನ ಫ್ಲ್ಯಾಟಿನವರು ಕೋಲಿನಿಂದ ತಮ್ಮ ಸೂರು ಕುಟ್ಟುತ್ತಿದ್ದರು. ಊರಿನಲ್ಲಿ ರೊಟ್ಟಿಯ ಸದ್ದು ಕೇಳದಿದ್ದರೆ ನೆರೆಯವರು ಬಂದು "ಮೈಯಾಗ ಆರಾಮಿಲ್ಲೇನ?" ಎನ್ನುತ್ತಿದ್ದರು. ನಾನು ಸದ್ದಿಲ್ಲದೆ ಚಪಾತಿ ಲಟ್ಟಿಸುವುದನ್ನು ರೂಢಿ ಮಾಡಿಕೊಂಡೆ.

ಅಜ್ಜಾರ ಮಗ ಡ್ಯಾನಿ ಜನರನ್ನು ನಗಿಸುವವನು. ಕ್ಲಬ್ಬುಗಳಲ್ಲಿ ಶುರುಮಾಡಿ ಟಿವಿಗೆ ಬಂದಿದ್ದ. ಅವನ ಕಾರ್ಯಕ್ರಮಗಳು ಶುಕ್ರವಾರ ರಾತ್ರಿಯೇ ಇರುತ್ತಿದ್ದವು. "ಶಬ್ಬತ್ ದಿನ ವೇದಿಕೆ ಹತ್ತುವವನು ನನ್ನ ಮಗನಲ್ಲ," ಎಂದು ಅಜ್ಜಾರು ಬಾಗಿಲು ಮುಚ್ಚಿದ್ದರಂತೆ. ಬೇಸಿಗೆಯಲ್ಲಿ ಇಲ್ಲಿ ರಾತ್ರಿ ಊಟದ ಹೊತ್ತಾದರೂ ಸೂರ್ಯ ಮುಳುಗುವುದಿಲ್ಲ, ಶಬ್ಬತ್ತೂ ಮುಗಿಯುವುದಿಲ್ಲ. ಒಂದು ಶನಿವಾರ ಸಂಜೆ ಅವರು, "ಮನೆಯಲ್ಲಿ ಸದ್ದೇ ಇಲ್ಲ," ಎಂದರು. ಆ ಹೊತ್ತಿಗೆ ನಾನು ಕಲಿತಿದ್ದೆ. ಟಿವಿ ಹಚ್ಚಿದೆ. ಹಿಂದಿನ ರಾತ್ರಿಯ ಕಾರ್ಯಕ್ರಮವನ್ನೇ ಮತ್ತೆ ತೋರಿಸುತ್ತಿದ್ದರು. ಡ್ಯಾನಿ ಅಪ್ಪನ ಹಾಗೆಯೇ ಮೂಗು ಏರಿಸಿ ಗೊಣಗುತ್ತಿದ್ದ. ಅಜ್ಜಾರು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಅವರ ಭುಜ ಕುಲುಕುತ್ತಿತ್ತು. ನಗುತ್ತಿದ್ದಾರೆಂದುಕೊಂಡೆ. ಮುಂದೆ ಹೋಗಿ ನೋಡಿದರೆ ನಗು ಮುಗಿದು ಬೇರೇನೋ ಶುರುವಾಗಿತ್ತು.

"ಅವನು ಕ್ರಿಕಲ್‌ವುಡ್‌ನಲ್ಲಿದ್ದಾನಂತೆ," ಎಂದರು. "ಒಂದೇ ರಸ್ತೆ. ನೇರ."



ನನ್ನ ಅಪ್ಪನೂ ಹೀಗೆಯೇ ಮಾತಾಡುತ್ತಿದ್ದ. ಬಸು ಓದು ಬಿಟ್ಟು ನಾಟಕ ಕಂಪನಿ ಸೇರಿ ಹಾಸ್ಯಪಾತ್ರ ಮಾಡತೊಡಗಿದಾಗ ಅಪ್ಪ ಅವನನ್ನು ಹೊಸ್ತಿಲು ತುಳಿಯಬೇಡ ಎಂದಿದ್ದ. ಆದರೆ ನಾನು ಭಾನುವಾರ ಫೋನು ಮಾಡಿದಾಗಲೆಲ್ಲ ಕೊನೆಗೆ, "ಕಂಪನಿ ಈಗ ಎಲ್ಲಿ ಕ್ಯಾಂಪ್ ಹಾಕೇತಂತ?" ಎನ್ನುತ್ತಿದ್ದ.

"ನನಗ ಹ್ಯಾಂಗ ಗೊತ್ತಾಗಬೇಕಪ್ಪಾ," ಎನ್ನುತ್ತಿದ್ದೆ. ಗೊತ್ತಿತ್ತು. ಬಸು ಎಸ್‌ಟಿಡಿ ಬೂತಿನಿಂದ, "ಅಪ್ಪ ನನ್ನ ಸುದ್ದಿ ಏನರ ತಗೀತಾನೇನಕ್ಕಾ?" ಎಂದಾಗ, "ಇಲ್ಲೋ," ಎನ್ನುತ್ತಿದ್ದೆ. ಅವನನ್ನು ಓದಿಸಲೆಂದು ನನ್ನನ್ನು ನಾಲ್ಕನೆಯ ಇಯತ್ತೆಗೇ ಶಾಲೆ ಬಿಡಿಸಿದ್ದರು. ಅವನು ಮನೆ ಬಿಟ್ಟ ಮೇಲೆಯೇ ಅಪ್ಪ ನನ್ನನ್ನು ಬಾಯಿ ತುಂಬ "ಮಗಳ" ಎಂದು ಕರೆದದ್ದು. ಆ ಜಾಗ ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ.

ಅಪ್ಪ ಸತ್ತಾಗ ಬಸು ಫೋನಿನಲ್ಲಿ ಅತ್ತ. "ಅವ ಒಂದ ಸಲ ಕೇಳಿದ್ರ ಬರಿಗಾಲಲೆ ಬರತಿದ್ನೆಲ್ಲಕ್ಕಾ." ಆಗಲೂ ನಾನು ಬಾಯಿ ಬಿಡಲಿಲ್ಲ.

ಈ ಸಲ ಸುಮ್ಮನಿರಲಾಗಲಿಲ್ಲ. ಪಕ್ಕದ ಮನೆಯಾಕೆಯಿಂದ ನಂಬರು ಪಡೆದು ನನ್ನ ಹರಕು ಇಂಗ್ಲಿಷಿನಲ್ಲಿ ಡ್ಯಾನಿಗೆ ಹೇಳಿದೆ: "ನಿಮ್ಮ ಅಪ್ಪ ನಿಮ್ಮನ್ನು ಕೇಳಿದರು."

"ಏನೆಂದು ಕೇಳಿದರು?"

"ಕೇಳಲಿಲ್ಲ. ಒಂದೇ ರಸ್ತೆ, ನೇರ ಎಂದರು."

"ಯಾವ ದಿನ ಹೇಳಿದರು?"

"ಶನಿವಾರ."

ಮುಂದಿನ ಶನಿವಾರ ಮಳೆ. ಮಧ್ಯಾಹ್ನ ಯಾರೋ ಕೈಯಿಂದ ಬಾಗಿಲು ತಟ್ಟಿದರು. ಅಜ್ಜಾರು ತಲೆ ಎತ್ತಿದರು. ಆ ಮನೆಯ ಬೆಲ್ ಕೆಟ್ಟಿರಲಿಲ್ಲ.

ಡ್ಯಾನಿ ನೆನೆದು ತೊಪ್ಪೆಯಾಗಿದ್ದ. ಕಾರಿಲ್ಲ, ಕೊಡೆಯೂ ಇಲ್ಲ. ಅಜ್ಜಾರು ಅವನ ಮುಖ ನೋಡಲಿಲ್ಲ, ನೀರು ಸುರಿಯುತ್ತಿದ್ದ ಬೂಟು ನೋಡಿದರು.

"ನಡೆದು ಬಂದೆಯಾ?"

"ಹೂಂ. ದಾರಿಯುದ್ದಕ್ಕೂ ಜೋಕು ಹೇಳಿದೆ. ಒಂದು ಬಸ್ಸೂ ನಗಲಿಲ್ಲ."

"ಟಿವಿಯಲ್ಲೂ ಸುಮಾರೇ."

"ಅಪ್ಪಾ, ನೋಡಿದ್ದೀಯಾ?"

"ಇಲ್ಲ. ನಾನು ಗೋಡೆ ನೋಡುತ್ತಿದ್ದೆ."

ಹಾಗೆನ್ನುತ್ತಲೇ ತಮ್ಮ ಹೆಗಲ ಶಾಲು ತೆಗೆದು ಮಗನ ತಲೆ ಒರೆಸತೊಡಗಿದರು. ಆ ಕೈ ನಿಲ್ಲಲೇ ಇಲ್ಲ. ನಾನು ಅಡುಗೆಮನೆಗೆ ಹೋಗಿ ನಿಂತೆ.

ಹ್ಯಾರೋದ ಬಸ್ಸಿನಲ್ಲಿ ಕೂತಾಗ ನಾನು ಯಾವ ಊರಿನವಳೂ ಅಲ್ಲ ಎನ್ನಿಸಿತು. ಈ ಊರು ನನಗೆ ಹೇಳದ ಮಾತನ್ನೂ ಕೇಳುವ ಕಿವಿ ಕೊಟ್ಟಿತ್ತು. ನಮ್ಮ ಊರಿನಲ್ಲಿ ಅಪ್ಪನೇ ಇರಲಿಲ್ಲ.

ಮರುದಿನ ಭಾನುವಾರ. ಕಂಪನಿ ಇಳಕಲ್ಲಿನಲ್ಲಿ ಕ್ಯಾಂಪ್ ಹಾಕಿತ್ತು. ಟೆಂಟಿನ ಪಕ್ಕದ ಚಹಾದಂಗಡಿಗೆ ಫೋನು ಮಾಡಿ ಬಸುವನ್ನು ಕರೆಸಿದೆ.

"ಏನಕ್ಕಾ, ಆರಾಮ ಅದೀಯಿಲ್ಲೋ?"

"ಬಸೂ, ಅಪ್ಪ ನಿನ್ನ ಕೇಳತಿದ್ದನೋ. ಪ್ರತಿ ಐತವಾರ ಕೇಳತಿದ್ದ. ನಾನ ನಿನಗ ಹೇಳಲಿಲ್ಲ. ತಪ್ಪಾತೋ ತಮ್ಮಾ, ನನ್ನಿಂದ ತಪ್ಪಾತು."